ನೀರು ನಿಲ್ಲದ ನೆಲವೇ ಬೇಕಿತ್ತು

ಭೂಬಳಕೆ ನಕ್ಷೆಯಲ್ಲಿ ಅಂತರ್ಜಲದ ಗೆರೆ, ಅಂದರೆ ಮಳೆನೀರು ಇಂಗಲು ಕಟ್ಟದೆ ಬಿಡಬೇಕಾದ ಜಾಗದ ಗಡಿ, ಎಳೆದವನು ನಾನೇ. ಅದೂ ತಪ್ಪು ಜಾಗದಲ್ಲಿ.

ಮಳೆನೀರು ಎಲ್ಲಿ ನಿಲ್ಲುತ್ತದೋ ಅಲ್ಲೇ ಇಂಗುತ್ತದೆ ಅಂದುಕೊಂಡು ತಗ್ಗಿಗೆಲ್ಲ ಹಸಿರು ಬಳಿದೆ. ಮೇಲಿನ ಗರಸು ದಿಬ್ಬವನ್ನು ಮನೆ ಕಟ್ಟೋಕೆ ಬಿಟ್ಟುಕೊಟ್ಟೆ. ಹುಲ್ಲೂ ನೆಟ್ಟಗೆ ಬೆಳೆಯದ ಜಾಗ, ಯಾರಿಗೆ ಬೇಕು?

ಕಣ್ಣು ತೆರೆಸಿದ್ದು ನೆಲದಲ್ಲಿ ನೀರು ಇಂಗುವ ವೇಗ ಅಳೆಯುವ ಎರಡು ಕಬ್ಬಿಣದ ಬಳೆ. ಒಂದರೊಳಗೆ ಒಂದಿಟ್ಟು, ಸುತ್ತಿಗೆಯಿಂದ ಬಡಿದು ಮಣ್ಣಿಗೆ ಇಳಿಸಬೇಕು. ಎರಡಕ್ಕೂ ನೀರು ತುಂಬಿ, ಒಳಗಿನದರಲ್ಲಿ ಸ್ಕೇಲ್ ಇಟ್ಟು ಮಟ್ಟ ನೋಡಬೇಕು. ಹೊರಬಳೆಯ ನೀರು ಪಕ್ಕಕ್ಕೂ ಹರಡಿಕೊಳ್ಳುತ್ತದೆ, ಒಳಗಿನದು ಹೆಚ್ಚುಕಡಿಮೆ ನೇರ ಕೆಳಗಿಳಿಯುತ್ತದೆ. ಒಣಮಣ್ಣು ಮೊದಲಿಗೆ ಗಟಗಟ ಕುಡಿಯುತ್ತದೆ, ಆ ಲೆಕ್ಕ ನಂಬಬಾರದು. ಇಳಿಯುವ ವೇಗ ಒಂದೇ ಸಮನಾಗುವವರೆಗೆ ಕೂತಿರಬೇಕು. ಜೇಡಿಮಣ್ಣಿನಲ್ಲಿ ಸಾಮಾನ್ಯವಾಗಿ ಗಂಟೆಗೆ 1ರಿಂದ 5 ಮಿಲಿಮೀಟರ್ ಇಳಿದರೆ ಹೆಚ್ಚು. ಮರಳು ನೆಲದಲ್ಲಿ 30ಕ್ಕಿಂತ ಜಾಸ್ತಿ. ನಮ್ಮ ತಗ್ಗು ಮೊದಲನೇ ಜಾತಿ. ದಿಬ್ಬದ ಮೇಲೆ ಮಾತ್ರ ಕೊಡ ಕೆಳಗಿಡೋಕೆ ಪುರುಸೊತ್ತಿಲ್ಲ. ನೀರು ನಿಲ್ಲುವುದೇ ಇಂಗದೆ ಇದ್ದಾಗ ಅಲ್ವಾ! ಇಷ್ಟು ಹೊಳೆಯಲಿಲ್ಲವಲ್ಲ ಅಂತ ಈಗಲೂ ನಾಚಿಕೆ.

ಗೆರೆ ತಿದ್ದಿದೆವು. ದಿಬ್ಬದ ಮಾಲೀಕರು ರೇಗಿದರು, ರೇಗಲೇಬೇಕು. ಸುಮ್ನೆ 'ಕಟ್ಟಬೇಡಿ' ಅಂದರೆ ಅವರ ಗತಿ? ಮನೆಗಳ ಸಂಖ್ಯೆ ಕಡಿಮೆ ಮಾಡಲಿಲ್ಲ. ಎಲ್ಲವನ್ನೂ ಜೇಡಿಮಣ್ಣಿನ ಅಂಚಿಗೆ ಒತ್ತಾಗಿ ತಂದು, ಉಳಿದದ್ದನ್ನು ಬಯಲಾಗಿ ಬಿಡಿಸಿದೆವು. ದಿಬ್ಬದಲ್ಲಿ ಇಂಧನ ಟ್ಯಾಂಕ್, ಕಸದ ಗುಂಡಿ ಪೂರ್ತಿ ನಿಷೇಧ. ಬೇಗ ನೀರು ಕುಡಿಯುವ ನೆಲ ಕೊಳಕನ್ನೂ ಬೇಗ ಕುಡಿಯುತ್ತದೆ. ಸಭೆಯಲ್ಲಿ ಬಣ್ಣದ ನಕ್ಷೆ ಯಾರೂ ನೋಡಲಿಲ್ಲ. 100 ಚದರ ಮೀಟರ್ ಕಾಂಕ್ರೀಟಿನ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 2,000 ಲೀಟರ್ ನೀರು ಅಲ್ಲಿ ಇಂಗೋದಿಲ್ಲ ಅಂದಾಗ ಮಾತ್ರ ತಲೆ ಎತ್ತಿದರು.

ಎಷ್ಟು ನೆಲ ಮುಚ್ಚಬಹುದು ಅನ್ನುವ ನಿಯಮದಲ್ಲಿ ಬರೀ 'ಕಟ್ಟಡ' ಅಂತ ಬರೆದದ್ದು ಇನ್ನೊಂದು ಎಡವಟ್ಟು. ಒಬ್ಬರು ಮನೆ ಚಿಕ್ಕದಾಗಿ ಕಟ್ಟಿ ಅಂಗಳಕ್ಕೆಲ್ಲ ಸಿಮೆಂಟ್ ಹಾಕಿಸಿದರು. ಅಂಗಳ ಕಟ್ಟಡವಲ್ಲವಲ್ಲ! 'ನೀರು ಇಳಿಯದ ಯಾವುದೇ ಹೊದಿಕೆ' ಅಂತ ತಿದ್ದಿದೆವು.

ಅಷ್ಟಾದರೂ ಒಂದು ತಪ್ಪಿಹೋಯಿತು. ಮನೆ ಕೆಲಸ ಮುಗಿದ ಮೇಲೆ ಬಯಲಲ್ಲಿ ಮತ್ತೆ ಬಳೆ ಇಳಿಸಿದೆ. ಸುತ್ತಿಗೆ ಠಣ್ ಅಂತ ವಾಪಸ್ ಚಿಮ್ಮಿತು. ತಿಂಗಳುಗಟ್ಟಲೆ ಇಟ್ಟಿಗೆ ಲಾರಿ ಅಲ್ಲೇ ತಿರುಗಿ ನೆಲ ಗಟ್ಟಿಯಾಗಿತ್ತು, ಸುರಿದ ನೀರು ಹಾಗೇ ನಿಂತಿತ್ತು. ಈಗ ಮೊದಲ ಲಾರಿ ಬರುವ ಮುಂಚೆಯೇ ಬಯಲಿಗೆ ಬೇಲಿ ಬೀಳಬೇಕು. ಬೇಲಿ ಕಣ್ಣಾರೆ ನೋಡದೆ ಪರವಾನಗಿಗೆ ನಾನು ಸಹಿ ಹಾಕುವುದಿಲ್ಲ.