ಏಟು ನಿಲ್ಲಬೇಕಾದ ಜಾಗ: ಕರಾಟೆ ಮಾಸ್ಟರ್ ಕಾನೂನು ಓದಿದ ಅನುಭವ

ಏಟು ಹಾಕುವುದನ್ನು ಹೇಳಿಕೊಟ್ಟವರೇ ಅದನ್ನು ಎಲ್ಲಿ ನಿಲ್ಲಿಸಬೇಕೆಂದೂ ಹೇಳಿಕೊಡಬೇಕು. ಕರಾಟೆ ಕಲಿಸುವ ನಾನು ಕಾನೂನು ಓದಲು ಕೂತದ್ದು ಇದಕ್ಕೇ. ಪಿಯುಸಿ ಓದುವ ಶಿಷ್ಯೆಯೊಬ್ಬಳು, 'ಮಾಸ್ಟರ್, ಬಸ್‌ಸ್ಟ್ಯಾಂಡಲ್ಲಿ ಕೈ ಹಿಡಿದವನ ಮೊಣಕೈ ಮುರಿದರೆ ನನ್ನ ಮೇಲೇ ಕೇಸ್ ಆಗುತ್ತಾ?' ಎಂದು ಕೇಳಿದ್ದಳು. ಅಂದಾಜಿನ ಮೇಲೆ ಉತ್ತರಿಸುವ ಪ್ರಶ್ನೆ ಅದಲ್ಲ.

ಭಾರತೀಯ ನ್ಯಾಯ ಸಂಹಿತೆಯ ಪುಸ್ತಕ ತಂದೆ. ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ ಅದು ಬಂದದ್ದು 2024ರ ಜುಲೈ 1ರಂದು. ಆತ್ಮರಕ್ಷಣೆಯ ಹಳೆಯ 96ರಿಂದ 106ರವರೆಗಿನ ಸೆಕ್ಷನ್‌ಗಳು ಈಗ 34ರಿಂದ 44. ತಿರುಳು ಬದಲಾಗಿಲ್ಲ, ಹಾಗಾಗಿ ಹಳೆಯ ತೀರ್ಪುಗಳನ್ನೂ ಓದಬೇಕಾಯಿತು. ಶಿಷ್ಯನೊಬ್ಬನ ತಂದೆ ವಕೀಲರು. ಭಾನುವಾರ ಕ್ಲಾಸ್ ಮುಗಿದ ಮೇಲೆ ಒಂದೊಂದೇ ಸೆಕ್ಷನ್ ಬಿಡಿಸಿ ಹೇಳುತ್ತಿದ್ದರು.

ಆ ಹುಡುಗಿಯ ಪ್ರಶ್ನೆಯನ್ನೇ ಅವರ ಮುಂದಿಟ್ಟೆ. ಮೂಳೆ ಮುರಿದರೆ, ಕೀಲು ತಪ್ಪಿದರೆ ಅದು ಸೆಕ್ಷನ್ 116ರ ಪ್ರಕಾರ ತೀವ್ರ ಗಾಯ. ಬೇಕೆಂದೇ ಮಾಡಿದ್ದಾದರೆ ಏಳು ವರ್ಷದವರೆಗೆ ಜೈಲು. ನಮ್ಮ ಕೀಲು ಹಿಡಿತಗಳೆಲ್ಲ ಇದರ ಅಂಚಿನಲ್ಲೇ ಇವೆ. ಜನರ ನಡುವೆ ಕೈ ಬಿಡಿಸಿಕೊಂಡು ಓಡಬಹುದಾಗಿದ್ದರೆ ಮೊಣಕೈ ಮುರಿದದ್ದು ಅಗತ್ಯಕ್ಕಿಂತ ಹೆಚ್ಚಾಗುತ್ತದೆ, 37ನೇ ಸೆಕ್ಷನ್ ಅದನ್ನು ಒಪ್ಪುವುದಿಲ್ಲ. ಅದೇ ಅವನು ಅವಳನ್ನು ವಾಹನದೊಳಗೆ ಎಳೆದೊಯ್ಯಲು ನೋಡುತ್ತಿದ್ದರೆ ಮಾತೇ ಬೇರೆ. ಅಪಹರಣ, ಅತ್ಯಾಚಾರ, ಆ್ಯಸಿಡ್ ದಾಳಿಯಂಥ ಸಂದರ್ಭಗಳಲ್ಲಿ 38ನೇ ಸೆಕ್ಷನ್ ಎದುರಾಳಿಯ ಪ್ರಾಣ ಹೋಗುವ ಮಟ್ಟದ ಪ್ರತಿರೋಧಕ್ಕೂ ಹಕ್ಕು ಕೊಡುತ್ತದೆ. ಕೇಸ್ ದಾಖಲಾಗಲೂಬಹುದು. ಆಗ ಕೋರ್ಟಿನಲ್ಲಿ ಈ ಹಕ್ಕನ್ನು ತೋರಿಸಿಕೊಡುವ ಹೊಣೆ ನಮ್ಮದು, ಆದರೆ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ. ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂದು ಕಂಡರೆ ಸಾಕು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು 40ನೇ ಸೆಕ್ಷನ್. ಅಪಾಯದ ಸಕಾರಣ ಭಯ ಹುಟ್ಟಿದ ಕ್ಷಣದಿಂದ ಹಕ್ಕು ಶುರು. ಮೊದಲ ಏಟು ತಿನ್ನುವವರೆಗೆ ಕಾಯಬೇಕೆಂದಿಲ್ಲ. ಆ ಭಯ ಇರುವಷ್ಟು ಹೊತ್ತು ಹಕ್ಕು, ಭಯ ಹೋದರೆ ಹಕ್ಕೂ ಹೋಯಿತು. ದರ್ಶನ್ ಸಿಂಗ್ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, ದಾಳಿಗೆ ಸಿಕ್ಕವನು ಲೆಕ್ಕ ಹಾಕಿ ಅಳೆದು ಹೊಡೆಯಲಿ ಎಂದು ನಿರೀಕ್ಷಿಸುವಂತಿಲ್ಲ ಎಂದಿತು. ಇದು ದೊಡ್ಡ ಧೈರ್ಯ. ಆದರೆ ಚಾಕು ಕೈಬಿಟ್ಟು ನೆಲಕ್ಕೆ ಬಿದ್ದವನಿಗೆ ಮತ್ತೊಂದು ಕೊಟ್ಟರೆ ಅದು ಸೇಡು. ಆ ಧೈರ್ಯದ ಮಾತು ಅಲ್ಲಿಗೆ ಅನ್ವಯಿಸುವುದಿಲ್ಲ.

ನಮ್ಮ ಅಭ್ಯಾಸವೋ, ಕಾಲು ಕೊಟ್ಟು ಬೀಳಿಸಿದ ಕೂಡಲೇ ಮೇಲಿಂದ ಪಂಚ್ ಹಾಕುವುದು. ಸ್ಪರ್ಧೆಯಲ್ಲಿ ಅದಕ್ಕೆ ಪಾಯಿಂಟ್ ಸಿಗುತ್ತದೆ. ಮೈಗೆ ಹತ್ತಿದ ಅದೇ ಚಲನೆ ಬೀದಿಯಲ್ಲೂ ತಾನಾಗಿ ಬಂದುಬಿಡುತ್ತದೆ. ಅದಕ್ಕೇ ಆತ್ಮರಕ್ಷಣೆಯ ಕ್ಲಾಸನ್ನು ಸ್ಪರ್ಧೆಯ ತಯಾರಿಯಿಂದ ಬೇರ್ಪಡಿಸಿದೆ. ದಾಳಿಕೋರನ ಪಾತ್ರದವನು ಒಮ್ಮೆ ಬಿದ್ದವನೇ ಮತ್ತೆ ಎದ್ದು ಬರುತ್ತಾನೆ, ಒಮ್ಮೆ ಆಯುಧ ಎಸೆದು ಕೈಯೆತ್ತುತ್ತಾನೆ, ಒಮ್ಮೆ ಓಡುತ್ತಾನೆ. ಮುಂದೇನೆಂದು ಶಿಷ್ಯರಿಗೆ ಮೊದಲೇ ಹೇಳುವುದಿಲ್ಲ. ಹೊಡೆದು ಹಿಂದೆ ಸರಿದು, ನೋಡಿ, ಕೂಗಿ, ಜಾಗ ಬಿಡಬೇಕು. ಚುರುಕು ಕೈಯವರಿಗೇ ಇದು ಕಷ್ಟ.

ಕ್ಲಾಸಿನೊಳಗಿನ ಸ್ಪಾರಿಂಗ್‌ಗೂ, ಅಂದರೆ ಇಬ್ಬರು ಎದುರುಬದುರಾಗಿ ಹೊಡೆದಾಡುವ ಅಭ್ಯಾಸಕ್ಕೂ, ಕಾನೂನಿನಲ್ಲಿ ಜಾಗವಿದೆ. 18 ದಾಟಿದವರು ಒಪ್ಪಿ, ನಿಯಮ ಮುರಿಯದೆ ಆಡುವಾಗ ಆಗುವ ಗಾಯದ ಬಗ್ಗೆ 25ನೇ ಸೆಕ್ಷನ್ ಹೇಳುತ್ತದೆ. ಅಲ್ಲಿರುವ ಉದಾಹರಣೆ ಕತ್ತಿವರಸೆಯದ್ದೇ. ಓದಿ ಖುಷಿಯಾಯಿತು.

ಡ್ರಿಲ್ ಮುಗಿದ ಮೇಲೆ ಶಿಷ್ಯರು 112ಕ್ಕೆ ಕರೆ ಮಾಡಿದಂತೆ ಮಾತಾಡಿ ತೋರಿಸಬೇಕು: ಎಲ್ಲಿದ್ದೇನೆ, ಅವನು ಏನು ಮಾಡಿದ, ನನಗೆ ಯಾಕೆ ಭಯವಾಯಿತು, ಯಾವಾಗ ನಿಲ್ಲಿಸಿದೆ. ನಿಜವಾಗಿಯೇ ದಾಳಿಯಾದರೆ ಆಮೇಲೆ ಆಸ್ಪತ್ರೆಗೆ ಹೋಗಿ ತಮಗಾದ ಗಾಯವನ್ನು ದಾಖಲಿಸಬೇಕು, ಅಕ್ಕಪಕ್ಕದ ಅಂಗಡಿಯಲ್ಲಿ ಸಿಸಿಟಿವಿ ಇದೆಯೇ ಎಂದು ಗಮನಿಸಬೇಕು. 'ಯಾವಾಗ ನಿಲ್ಲಿಸಿದೆ' ಎಂಬಲ್ಲಿ ತಡವರಿಸಿದವರಿಂದ ಅದೇ ಡ್ರಿಲ್ಲನ್ನು ಮತ್ತೊಮ್ಮೆ ಮಾಡಿಸುತ್ತೇನೆ.