‘ಅನ್ನನಾಳದ ಕ್ಯಾನ್ಸರ್ ಜಾಸ್ತಿ ಆಗಿದೆ’ ಎನ್ನುವ ಮೊದಲು ಲೆಕ್ಕ ಹೀಗೆ ಮಾಡಿ

ವರ್ಷಕ್ಕೆ ಒಬ್ಬರಾದರೂ ವಿದ್ಯಾರ್ಥಿ ಇಂಥದ್ದೊಂದು ಪ್ರಾಜೆಕ್ಟ್ ಹಿಡಿದುಕೊಂಡು ಬರುತ್ತಾರೆ. ದಾವಣಗೆರೆಯ ಯಾವುದೋ ಒಂದು ಆಸ್ಪತ್ರೆಯ ರಿಜಿಸ್ಟರ್‌ನಿಂದ ಕ್ಯಾನ್ಸರ್ ಕೇಸು ಎಣಿಸಿದ್ದು. ಮೊದಲ ವರ್ಷ ಇಷ್ಟು, ಐದು ವರ್ಷದ ನಂತರ ಅಷ್ಟು, ನಡುವೆ ಮೇಲಕ್ಕೆ ಹೋಗುವ ಕೆಂಪು ಬಾಣ. ‘ಸರ್, ಡಬಲ್ ಆಗಿದೆ!’ ಆಗಿರಲೂಬಹುದು. ಆದರೆ ಆ ಬಾಣದಿಂದ ಅದು ಗೊತ್ತಾಗುವುದಿಲ್ಲ.

ಹಂತ 1: ಜಾಗ ಬೇರೆ ಮಾಡಿ. ‘ಹೊಟ್ಟೆ ಕ್ಯಾನ್ಸರ್’ ಎಂದು ಒಟ್ಟಿಗೆ ಬರೆದರೆ ಆಗಲಿಲ್ಲ. ಅನ್ನನಾಳ ಒಂದು ಕಾಲಂ. ಅನ್ನನಾಳ ಬಂದು ಸೇರುವ ಜಠರದ ಮೇಲ್ಭಾಗ, ಅಂದರೆ ಡಾಕ್ಟರು ಕಾರ್ಡಿಯಾ ಎನ್ನುವುದು, ಇನ್ನೊಂದು. ಜಠರದ ಉಳಿದ ಭಾಗ ಮತ್ತೊಂದು. ಅಮೆರಿಕ, ಬ್ರಿಟನ್‌ಗಳಲ್ಲಿ 1970ರ ದಶಕದಿಂದೀಚೆಗೆ ಅನ್ನನಾಳದ ಕೆಳತುದಿಯ ಅಡಿನೋಕಾರ್ಸಿನೋಮಾ, ಅಂದರೆ ಗ್ರಂಥಿಯ ಜೀವಕೋಶಗಳಿಂದ ಹುಟ್ಟುವ ಕ್ಯಾನ್ಸರ್, ಜೋರಾಗಿ ಏರಿತು. ಬೊಜ್ಜು, ವರ್ಷಗಟ್ಟಲೆ ಕಾಡುವ ಹುಳಿತೇಗು ಅದರ ಮುಖ್ಯ ಕಾರಣಗಳು. ಅದೇ ಹೊತ್ತಿಗೆ ಜಠರದ ಕೆಳಭಾಗದ ಕ್ಯಾನ್ಸರ್ ಇಳಿಯುತ್ತಾ ಬಂತು, ಜಠರದಲ್ಲಿ ನೆಲೆಸುವ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕು ತಗ್ಗಿದ್ದು ಅದಕ್ಕೊಂದು ಕಾರಣ. ಎಲ್ಲವನ್ನೂ ಒಂದೇ ಕಾಲಂಗೆ ತುಂಬಿದರೆ ಏರಿದ್ದನ್ನು ಇಳಿದದ್ದು ನುಂಗಿಬಿಡುತ್ತದೆ, ಅಲ್ವಾ?

ಬಯಾಪ್ಸಿಯಲ್ಲಿ ಬಂದ ಬಗೆಯನ್ನೂ ಬರೆದುಕೊಳ್ಳಿ. ನಮ್ಮ ಕಡೆ ಅನ್ನನಾಳದಲ್ಲಿ ಹೆಚ್ಚಾಗಿ ಸಿಗುವುದು ಸ್ಕ್ವಾಮಸ್ ಬಗೆ, ಅಂದರೆ ಒಳಪದರದ ಚಪ್ಪಟೆ ಜೀವಕೋಶಗಳಿಂದ ಹುಟ್ಟುವುದು. ಅದರ ಹಿಂದೆ ಇರುವುದು ಬೀಡಿ, ಹೊಗೆಸೊಪ್ಪು, ಹೆಂಡ ಮತ್ತು ಅಡಿಕೆ. ಅಡಿಕೆ ಬೆಳೆಯುವ ಚನ್ನಗಿರಿ ಕಡೆಯ ನೆಂಟರಿಗೆ ಈ ಕೊನೆಯ ಮಾತು ಇಷ್ಟವಾಗುವುದಿಲ್ಲ, ನನಗೆ ಗೊತ್ತು.

ಇಲ್ಲೇ ಒಂದು ಕಳ್ಳದಾರಿ ಇದೆ. ಹಳೆಯ ದಾಖಲೆಗಳಲ್ಲಿ ‘ಜಠರ, ಜಾಗ ನಮೂದಿಸಿಲ್ಲ’ ಎಂಬ ಕೇಸುಗಳು ರಾಶಿ ಇರುತ್ತವೆ. ಎಂಡೋಸ್ಕೋಪಿ ಹೆಚ್ಚಿದಂತೆ ಜಾಗ ಸರಿಯಾಗಿ ಬರೆಯತೊಡಗುತ್ತಾರೆ, ಆಗ ರೋಗ ಹೆಚ್ಚದಿದ್ದರೂ ಕಾಗದದ ಮೇಲೆ ಮೇಲ್ಭಾಗದ ಕ್ಯಾನ್ಸರ್ ಏರುತ್ತದೆ. ಆ ರಾಶಿಯನ್ನು ಕಸದಬುಟ್ಟಿಗೆ ಹಾಕದೆ ಬೇರೆ ಕಾಲಂನಲ್ಲಿ ಇಡಿ. ಅಂದ ಹಾಗೆ, ಮನೆಯಲ್ಲಿ ಯಾರಿಗಾದರೂ ರೊಟ್ಟಿ ಎದೆಯಲ್ಲೇ ನಿಂತಂತೆ ಆಗುತ್ತಿದ್ದರೆ ‘ಗ್ಯಾಸ್’ ಎಂದು ಅಂಗಡಿಯ ಪುಡಿ ಕದಡಿ ಕುಡಿಸುತ್ತಾ ಕೂರಬೇಡಿ, ಎಂಡೋಸ್ಕೋಪಿ ಮಾಡಿಸಿ.

ಹಂತ 2: ವಿಳಾಸ ನೋಡಿ. ದಾವಣಗೆರೆಗೆ ಹಾವೇರಿ, ಚಿತ್ರದುರ್ಗ, ಹರಪನಹಳ್ಳಿ ಕಡೆಯಿಂದೆಲ್ಲ ರೋಗಿಗಳು ಬರುತ್ತಾರೆ. ಅವರನ್ನು ಜಿಲ್ಲೆಯ ಲೆಕ್ಕದಿಂದ ತೆಗೆಯಿರಿ. ಚಿಕಿತ್ಸೆಗೆಂದು ಬೆಂಗಳೂರಿಗೆ ಹೋದ ನಮ್ಮವರನ್ನು ಸೇರಿಸಿ.

ಹಂತ 3: ಎಷ್ಟು ಜನರಲ್ಲಿ ಎಷ್ಟು? 2011ರ ಜನಗಣತಿಯ ಪ್ರಕಾರ ದಾವಣಗೆರೆ ಜಿಲ್ಲೆಯಲ್ಲಿ 19.45 ಲಕ್ಷ ಜನ. ಆಗ ಹರಪನಹಳ್ಳಿ ತಾಲ್ಲೂಕೂ ನಮ್ಮಲ್ಲೇ ಇತ್ತು, ಆಮೇಲೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಕೇಸುಗಳು ಈಗಿನ ಜಿಲ್ಲೆಯವು, ಜನಸಂಖ್ಯೆ ಹಳೆಯ ಜಿಲ್ಲೆಯದ್ದು ಎಂದು ಭಾಗಿಸಿಬಿಟ್ಟವರನ್ನು ನಾನು ಕಂಡಿದ್ದೇನೆ.

ಹಂತ 4: ವಯಸ್ಸು. ಹತ್ತರಲ್ಲಿ ಒಂಬತ್ತು ಜನ ಜಾರುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ. ಲೆಕ್ಕಕ್ಕೆಂದು ಒಂದು ಲಕ್ಷ ಜನರ ಊರು ಇದೆ ಎಂದುಕೊಳ್ಳಿ. 60 ದಾಟದವರು 90,000, ದಾಟಿದವರು 10,000. ಚಿಕ್ಕವರಲ್ಲಿ 10,000ಕ್ಕೆ ಒಬ್ಬರಿಗೆ, ಹಿರಿಯರಲ್ಲಿ 1,000ಕ್ಕೆ ಒಬ್ಬರಿಗೆ ರೋಗ. 9 ಮತ್ತು 10, ಒಟ್ಟು 19. ಇಪ್ಪತ್ತು ವರ್ಷ ಕಳೆಯಿತು. ಊರಿನಲ್ಲಿ ಈಗಲೂ ಒಂದೇ ಲಕ್ಷ ಜನ, ಆದರೆ ಜನ ಜಾಸ್ತಿ ಕಾಲ ಬದುಕುತ್ತಿದ್ದಾರೆ, ಹುಡುಗರು ಬೆಂಗಳೂರು ಸೇರಿದ್ದಾರೆ. ಚಿಕ್ಕವರು 80,000, ಹಿರಿಯರು 20,000. ಅಪಾಯ ಒಂದಿಷ್ಟೂ ಬದಲಾಗಿಲ್ಲ, ಆದರೂ 8 ಮತ್ತು 20 ಸೇರಿ 28. ನಿಮ್ಮ ಕೆಂಪು ಬಾಣ ಏರಿದ್ದು ಹೀಗೆ! ಸರಿಪಡಿಸುವುದು ಸುಲಭ. ಪ್ರತಿ ವಯಸ್ಸಿನ ಗುಂಪಿನ ಹೊಸ ದರವನ್ನು ಹಳೆಯ ಊರಿನ 90,000 ಮತ್ತು 10,000ಕ್ಕೆ ಹಚ್ಚಿ ಕೂಡಿಸಿ, ಮತ್ತೆ 19 ಬರುತ್ತದೆ. ಎರಡೇ ಗುಂಪಲ್ಲ, ಐದೈದು ವರ್ಷ ವಯಸ್ಸಿನ ಗುಂಪು ಮಾಡಿ, ಎರಡೂ ಕಾಲಕ್ಕೆ ಒಂದೇ ಅಳತೆಯ ಜನಸಂಖ್ಯೆ ಬಳಸಿ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1980ರ ದಶಕದಿಂದ ನಡೆಸುತ್ತಿರುವ ಕ್ಯಾನ್ಸರ್ ನೋಂದಣಿಯ ವರದಿಗಳಲ್ಲಿ ‘ವಯಸ್ಸಿಗೆ ಹೊಂದಿಸಿದ ದರ’ ಅಂದರೆ ಇದೇ. ಗಂಡಸರು, ಹೆಂಗಸರಿಗೆ ಬೇರೆ ಬೇರೆ ಮಾಡಿ. ಎಕ್ಸೆಲ್ ಸಾಕು, ಅಂಕಿ ತುಂಬಿದರೆ ಉತ್ತರ ಉಗುಳುವ ಉಚಿತ ಆ್ಯಪ್‌ಗಳು ಬೇಡ. ಯಾವ ಜನಸಂಖ್ಯೆಗೆ ಹೊಂದಿಸಿದ್ದೇವೆ ಎಂದು ಅವು ಹೇಳದೇ ಇರಬಹುದು.

ಹಂತ 5: ಸಣ್ಣ ಸಂಖ್ಯೆಗೆ ಹೆದರಿ. ಒಂದು ತಾಲ್ಲೂಕಿನಲ್ಲಿ ಮೂರು ಕೇಸು ಆರಾದರೆ ‘ಶೇ 100 ಹೆಚ್ಚಳ’ ಎಂದು ಬರೆಯಬೇಡಿ, ಮುಂದಿನ ವರ್ಷ ಅದು ಎರಡಾಗಬಹುದು. ಐದೈದು ವರ್ಷ ಕೂಡಿಸಿಯೇ ಹೋಲಿಸಿ. ಅಷ್ಟು ವರ್ಷದ ದಾಖಲೆ ಸಿಗದಿದ್ದರೆ ಬಾಣ ಬಿಟ್ಟುಬಿಡಿ, ಎರಡೂ ಅಂಕಿಗಳನ್ನು ಸುಮ್ನೆ ಪಕ್ಕಪಕ್ಕ ಬರೆಯಿರಿ.