ತಂಡದ ಬೆನ್ನು ಹತ್ತದೆ ಜಿರಾದಲ್ಲಿ ಕೆಲಸ ಗಮನಿಸುವುದು ಹೇಗೆ?

ಜಿರಾ ಎಂದರೆ ತಂಡದ ಕೆಲಸಗಳನ್ನು ದಾಖಲಿಸಿ ನಡೆಸುವ ತಂತ್ರಾಂಶ, ಅಲ್ಲಿನ ಒಂದೊಂದು ಕೆಲಸದ ದಾಖಲೆಯೇ ‘ಟಿಕೆಟ್’. ಟಿಕೆಟ್ ತೆರೆದು ಕಣ್ಣಿನ ಚಿಹ್ನೆ ಒತ್ತಿದರೆ ನೀವು ಅದರ ‘ವಾಚರ್’, ಅಂದರೆ ಗಮನಿಸುವವರು. ಆಮೇಲೆ ಅಲ್ಲಿ ಯಾರು ಕಾಮೆಂಟ್ ಬರೆದರೂ, ಸ್ಟೇಟಸ್ ಬದಲಿಸಿದರೂ ನಿಮಗೆ ಸೂಚನೆ ಬರುತ್ತದೆ. ಸುಲಭವೇನೋ ಹೌದು. ಆದರೆ ಕಣ್ಣಿನ ಪಕ್ಕದ ಸಂಖ್ಯೆ ಒಂದು ಏರುತ್ತದೆ, ಅನುಮತಿ ಇದ್ದವರಿಗೆ ನಿಮ್ಮ ಹೆಸರೂ ಕಾಣುತ್ತದೆ. ಹೊಸದಾಗಿ ಸೇರಿದವರು ತಮ್ಮ ಟಿಕೆಟ್‌ನಲ್ಲಿ ಮ್ಯಾನೇಜರ್ ಹೆಸರು ಕಂಡರೆ, ಗೊಂದಲಗಳನ್ನೆಲ್ಲ ಚಾಟ್‌ನಲ್ಲಿ ತೋಡಿಕೊಂಡು ಟಿಕೆಟ್‌ನಲ್ಲಿ ‘ಕೆಲಸ ನಡೆಯುತ್ತಿದೆ’ ಎಂದಷ್ಟೇ ಬರೆಯತೊಡಗುತ್ತಾರೆ. ಗಮನಿಸಲು ಹೋದವರಿಗೆ ಗಮನಿಸುವಂಥದ್ದೇ ಉಳಿಯುವುದಿಲ್ಲ.

ಆದ್ದರಿಂದ ಮೊದಲು ವೈಯಕ್ತಿಕ ಸೆಟ್ಟಿಂಗ್ಸ್‌ಗೆ ಹೋಗಿ ತಾನಾಗಿಯೇ ವಾಚರ್ ಆಗಿಸುವ ಆಯ್ಕೆಯನ್ನು ನಿಲ್ಲಿಸಿ. ಇಲ್ಲದಿದ್ದರೆ ಒಂದು ಸಾಲು ಕಾಮೆಂಟ್ ಬರೆದರೂ ನೀವು ಆ ಪಟ್ಟಿಗೆ ಸೇರಿಬಿಡಬಹುದು.

ಇನ್ನು ನಿಜವಾದ ಕೆಲಸ ಬೇಕಾದ ಟಿಕೆಟ್‌ಗಳನ್ನಷ್ಟೇ ಸೋಸಿ ತೋರಿಸುವ ಫಿಲ್ಟರ್‌ನದು. ಹುಡುಕಾಟದ ಪುಟದಲ್ಲಿ ‘ಬೇಸಿಕ್’ ವಿಧಾನ ಆರಿಸಿಕೊಂಡು ನಿಮ್ಮ ಪ್ರಾಜೆಕ್ಟ್ ಆರಿಸಿ. ಸ್ಟೇಟಸ್‌ನಲ್ಲಿ ‘ಇನ್ ಪ್ರೋಗ್ರೆಸ್’ ಗುರುತು ಹಾಕಿ. ಹೆಚ್ಚುವರಿ ಫಿಲ್ಟರ್‌ಗಳಲ್ಲಿ ‘ಅಪ್‌ಡೇಟೆಡ್’ ತೆಗೆದುಕೊಂಡು, ಮೂರು ದಿನಕ್ಕಿಂತ ಹಿಂದೆ ಎಂಬ ಮಿತಿ ಕೊಡಿ. ಕೈಗೆತ್ತಿಕೊಂಡು ಮೂರು ದಿನ ಯಾರೂ ಮುಟ್ಟದ ಟಿಕೆಟ್‌ಗಳು ಈಗ ಎದುರಿಗೆ ಬರುತ್ತವೆ. ಕೆಲಸ ಯಾರದೆಂದು ಹೇಳುವ ‘ಅಸೈನೀ’ ಜಾಗದಲ್ಲಿ ಒಬ್ಬರ ಹೆಸರು ಹಾಕುವ ಆಸೆಯಾಗುತ್ತದೆ, ಹಾಕಬೇಡಿ. ನಿಂತ ಕೆಲಸವನ್ನು ಹುಡುಕುವುದು ಮುಂದಾಳಿನ ಕರ್ತವ್ಯ. ಒಬ್ಬರನ್ನೇ ಆರಿಸಿ ಹಿಂಬಾಲಿಸುವುದು ಗೂಢಚಾರಿಕೆ.

ಇಲ್ಲೊಂದು ತೊಡಕಿದೆ. ಲೇಬಲ್ ತಿದ್ದಿದರೂ, ಕಾಮೆಂಟ್ ಹಾಕಿದರೂ ‘ಅಪ್‌ಡೇಟೆಡ್’ ದಿನಾಂಕ ಬದಲಾಗುತ್ತದೆ. ವಾರದಿಂದ ಅಲುಗಾಡದ ಟಿಕೆಟ್ ಕೂಡ ‘ನಾಳೆ ನೋಡುತ್ತೇನೆ’ ಎಂಬ ಒಂದೇ ಕಾಮೆಂಟಿನಿಂದ ಪಟ್ಟಿಯಿಂದ ತಪ್ಪಿಸಿಕೊಳ್ಳುತ್ತದೆ. ಇದು ನಿಮ್ಮ ತಂಡದಲ್ಲಿ ರೂಢಿಯಾಗಿದ್ದರೆ ಹುಡುಕಾಟದ ಷರತ್ತುಗಳನ್ನು ಬರೆದು ಕೊಡುವ ಜೆಕ್ಯೂಎಲ್ ವಿಧಾನಕ್ಕೆ ಬದಲಿಸಿ. ಸ್ಟೇಟಸ್ ಬದಲಾಗಿದೆಯೇ, ಯಾವಾಗಿನಿಂದ ಎಂದು ಕೇಳುವ ‘ಚೇಂಜ್ಡ್’ ಎಂಬ ಪದ ಅಲ್ಲಿದೆ. ನಿರ್ದಿಷ್ಟ ಟಿಕೆಟ್ ಬಗ್ಗೆ ಅನುಮಾನವಿದ್ದರೆ ಅದರ ‘ಹಿಸ್ಟರಿ’ ಭಾಗದಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಎಂಬುದೆಲ್ಲ ಸಾಲಾಗಿ ಸಿಗುತ್ತದೆ.

ಫಿಲ್ಟರ್‌ಗೆ ಹೆಸರಿಟ್ಟು ಉಳಿಸಿ. ನೋಡುವವರ ಪಟ್ಟಿ ‘ಪ್ರೈವೇಟ್’ ಎಂದೇ ಇರಲಿ. ಬಳಿಕ ಅದೇ ಫಿಲ್ಟರ್‌ಗೆ ಚಂದಾದಾರರಾಗಿ, ಅದರ ಪಟ್ಟಿ ಇಮೇಲ್‌ನಲ್ಲಿ ಬರುತ್ತದೆ: ಸೋಮವಾರದಿಂದ ಶುಕ್ರವಾರ, ಬೆಳಗಿನ ಸಭೆಗೆ ಅರ್ಧ ಗಂಟೆ ಮೊದಲು. ಸ್ವೀಕರಿಸುವವರಾಗಿ ನಿಮ್ಮನ್ನೇ ಆರಿಸಿ. ಕೈತಪ್ಪಿ ಗುಂಪನ್ನು ಆರಿಸಿದರೆ ತಂಡಕ್ಕೆಲ್ಲ ಪಟ್ಟಿ ಹೋಗಬಹುದು. ಫಲಿತಾಂಶ ಇಲ್ಲದಿದ್ದರೂ ಇಮೇಲ್ ಕಳುಹಿಸು ಎಂಬ ಚೌಕವನ್ನು ಖಾಲಿ ಬಿಡಿ, ಖಾಲಿ ಪಟ್ಟಿ ಓದುವ ಶ್ರಮ ಯಾರಿಗೆ ಬೇಕು? ಈ ಚಂದಾದಾರಿಕೆಯಿಂದ ನೀವು ಯಾವ ಟಿಕೆಟ್‌ನ ವಾಚರ್ ಕೂಡ ಆಗುವುದಿಲ್ಲ.

ಇಂಥ ಫಿಲ್ಟರ್ ಇದೆಯೆಂದು ತಂಡಕ್ಕೆ ಒಮ್ಮೆ ಹೇಳಿಬಿಡಿ. ಗದ್ದಲವಿಲ್ಲದೆ ನೋಡುವುದು ಬೇರೆ, ಕದ್ದು ನೋಡುವುದು ಬೇರೆ. ಇಮೇಲ್‌ನಲ್ಲಿ ಬಂದ ಪಟ್ಟಿಯನ್ನು ಸಭೆಯಲ್ಲಿ ಓದಿ ಹೇಳುವ ಬದಲು, ಸಂಬಂಧಪಟ್ಟವರ ಬಳಿ ಹೋಗಿ ‘ಎಲ್ಲಿ ಸಿಕ್ಕಿಕೊಂಡಿದೆ?’ ಎಂದು ಕೇಳಿ. ಹೆಚ್ಚಿನ ಸಲ ಇನ್ನೊಂದು ತಂಡದ ಉತ್ತರಕ್ಕಾಗಿ ಕಾಯುತ್ತಿರುತ್ತಾರೆ, ಅದನ್ನು ಬಿಡಿಸಬೇಕಾದವರು ನೀವೇ.

ಜಿರಾದಂಥದ್ದೇ ಇನ್ನೊಂದು ತಂತ್ರಾಂಶ ‘ಆಸನ’ (Asana) ಬಳಸುವವರೂ ಇದೇ ದಾರಿ ಹಿಡಿಯಬಹುದು. ಅಲ್ಲಿ ಟಾಸ್ಕ್‌ನ ಕೆಳಗೆ ‘ಕೊಲಾಬರೇಟರ್’ಗಳ, ಅಂದರೆ ಅದರ ಸೂಚನೆ ಪಡೆಯುವವರ ಚಿತ್ರ ಎಲ್ಲರಿಗೂ ಕಾಣುವುದರಿಂದ ಹುಡುಕಾಟವನ್ನು ಉಳಿಸಿಕೊಂಡು ಆಗಾಗ ತೆರೆದು ನೋಡುವುದೇ ಮೇಲು. ಪ್ರಾಜೆಕ್ಟ್ ಮುಗಿದ ದಿನ ಜಿರಾ ಫಿಲ್ಟರ್‌ನ ಚಂದಾದಾರಿಕೆ ಅಳಿಸಲು ಮರೆಯಬೇಡಿ.